ಫೋರ್ತ್ ಸೀಟಿನ ಎಸ್ತೇರ್

ಇಲ್ಲಮ್ಮಾ, ಕೇಳಿ, ಕೇಳಿ... ಇನ್ನೂ ಮುಗೀಲಿಲ್ಲ! ಪ್ರಾರ್ಥನೆಗೆ ಬಂದವರೆಲ್ಲ ಹೋದರಲ್ಲ, ಇನ್ನು ನಗಲಿಕ್ಕೆ ಅಡ್ಡಿ ಇಲ್ಲ. ನಗಬೇಕು ಅಂತ ನಿಮ್ಮ ಮಗಳೇ ಹೇಳಿದ್ದು! ಎಸ್ತೇರ್ ಹೇಳಿದ್ದನ್ನು ಮೀರಲಿಕ್ಕುಂಟಾ?

ಡೊಂಬಿವಲಿಯಿಂದ ಥಾಣೆ, ಅಲ್ಲಿಂದ ಮಹಾಪೆಯ ಆಫೀಸು... ಹನ್ನೊಂದು ವರ್ಷ ಲೋಕಲ್ ಟ್ರೈನಿನ ಅದೇ ಲೇಡೀಸ್ ಡಬ್ಬ, ನಾವು ಮೂವರು. ನಾನು, ಜಯಲತಾ, ನಿಮ್ಮ ಎಸ್ತೇರ್. ಸೀಟಿನಲ್ಲಿ ಕೂರುವುದು ಮೂರು ಜನ, ನಾಲ್ಕನೆಯವಳು ತುದಿಗೆ ಅಂಟಿಕೊಳ್ಳುವುದು. ಆ ಫೋರ್ತ್ ಸೀಟು ಯಾವಾಗಲೂ ಎಸ್ತೇರಿಗೇ! ಅವಳ ಗಾತ್ರಕ್ಕೆ... ಹೆ ಹೆ... ತಪ್ಪು ತಿಳೀಬೇಡಿ ಅಮ್ಮಾ, ನೀವೇ ತಿನ್ನಿಸಿ ಬೆಳೆಸಿದ್ದಲ್ವಾ! ಅರ್ಧ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ. ದಿವಾ ಸ್ಟೇಷನ್ ಹತ್ತಿರ ಗಾಡಿ ಒಮ್ಮೆ ಅಲುಗಾಡಿದರೆ ಹಿಡೀರಿ ಅವಳನ್ನು ಅಂತ ಡಬ್ಬಕ್ಕೆ ಡಬ್ಬವೇ ಕೂಗುವುದು, "ಅರೇ, ಎಸ್ತೇರ್ ಕೋ ಪಕಡೋ!"

ಒಂದು ದಿನ ಅಂತಾಳೆ, "ವಿಮಲಾ, ನಾನು ಅರ್ಧ ಇಲ್ಲಿ, ಅರ್ಧ ಪರಲೋಕದಲ್ಲಿ. ಪೂರ್ತಿ ಹೋದ ದಿನ ಯಾರೂ ಅಳಬಾರದು, ಆಯ್ತಾ? ಕಡೆಗೂ ಇವಳಿಗೆ ಸರಿಯಾಗಿ ಕೂರ್ಲಿಕ್ಕೆ ಜಾಗ ಸಿಕ್ಕಿತು ಅಂತ ನಗಬೇಕು!" ನಕ್ಕು ನಕ್ಕು ಜಯಲತಾಳ ಮೂಗಿನಲ್ಲಿ ಚಹಾ ಬಂತು ಮಾರಾಯ್ರೆ!

ಎಂತ? ನೀವೂ ನಕ್ಕಿರಿ! ಇಲ್ಲ ಅನ್ಬೇಡಿ, ನಾನು ನೋಡಿದೆ.

ಜಯಲತಾ... ಹ್ಞಾಂ, ಅವಳು ಹೋದದ್ದು ಫೆಬ್ರವರಿಯಲ್ಲಿ. ಕ್ಯಾನ್ಸರ್. ಎಸ್ತೇರ್ ದಿನಾ ಆಸ್ಪತ್ರೆಗೆ ಹೋಗಿ ಪಕ್ಕದಲ್ಲಿ ಕೂತು... ಅದು ಬಿಡಿ. ಅದು ಈಗ ಯಾಕೆ!

ಕಡೇ ಶುಕ್ರವಾರದ್ದು ಹೇಳ್ತೇನೆ. ಶನಿವಾರ ಬೆಳಿಗ್ಗೆ ಅಲ್ವಾ ಅವಳ ಹೃದಯ ನಿಂತದ್ದು? ಅದರ ಹಿಂದಿನ ದಿನ. ಎಂತ ಖುಷಿ, ಎಂತ ಖುಷಿ! ಮರಾಠಿ ಹೆಂಗಸರ ಭಜನೆಗೆ ಚಪ್ಪಾಳೆ ತಟ್ಟಿ, ನಡುವೆ ತನ್ನ ಕೀರ್ತನೆ ಶುರು ಮಾಡಿ, ಅವರು ಅದಕ್ಕೂ ತಾಳ ಹಾಕಿ... ಮತ್ತೆ ನನ್ನ ಹೆಗಲಿಗೆ ಒರಗಿ, "ನನಗೆ ಯಾರ ಮೇಲೂ ಬೇಜಾರಿಲ್ಲ ವಿಮಲಾ" ಅಂದಳು. ಹಾಗೇ ಅಂದಳು! ಅದನ್ನು ನಿಮಗೆ ಹೇಳಲಿಕ್ಕೇ ನಾನು...

ಯಾಕಮ್ಮಾ ಹಾಗೆ ನೋಡ್ತೀರಿ?

ಶುಕ್ರವಾರವೇ. ಅಥವಾ ಗುರುವಾರ... ಹಾಗೆ ನೋಡಬೇಡಿ ಮಾರಾಯ್ರೆ. ನನಗೆ ಹೆದರಿಕೆ ಆಗ್ತದೆ.

ಗೊತ್ತುಂಟಾ ನಿಮಗೆ? ಅವಳು... ಹೇಳಿದ್ಲಾ?

ಇಲ್ಲಮ್ಮಾ. ಶುಕ್ರವಾರ ನಾನು ಅವಳ ಜೊತೆ ಇರಲಿಲ್ಲ. ನಾಲ್ಕು ತಿಂಗಳಿಂದ ಇರಲಿಲ್ಲ. ಜಯಲತಾಳನ್ನು ಸ್ಮಶಾನಕ್ಕೆ ಒಯ್ದ ದಿನ ಎಸ್ತೇರ್ ನನ್ನ ಕೈ ಹಿಡಿದು, "ಇದು ಕೊನೆಯಲ್ಲ ವಿಮಲಾ, ಅವಳನ್ನು ಮತ್ತೆ ನೋಡ್ತೇವೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರ ಎದುರು ಕೈ ಕೊಡವಿದೆ. "ನಿನ್ನ ದೇವರು ಮೊದಲು ಅವಳನ್ನು ಎಬ್ಬಿಸಲಿ, ಆಮೇಲೆ ನನ್ನ ಹತ್ತಿರ ಮಾತಾಡು" ಅಂದೆ. ಅವಳಿಗೆ ಸಿಟ್ಟು ಬರಲಿಲ್ಲ. "ಆಯ್ತು, ಕಾಯ್ತೇನೆ" ಅಂದಳು. ಅಷ್ಟೇ.

ಕಾದಳಮ್ಮಾ! ಪ್ಲಾಟ್‌ಫಾರ್ಮಿನಲ್ಲಿ ನನಗಾಗಿ ಒಂದೊಂದು ದಿನ ಎರಡು ಗಾಡಿ ಬಿಡ್ತಿದ್ದಳು. ನಾನು ಬ್ರಿಡ್ಜಿನ ಮೇಲಿಂದ ನೋಡ್ತಾ ಇದ್ದೆ. ಇಳಿಯಲಿಲ್ಲ. ಅವಳು ಹೋದ ಮೇಲೆ ಇಳಿದು ಮುಂದಿನದು ಹತ್ತುತ್ತಿದ್ದೆ.

ಬೇಜಾರಿಲ್ಲ ಅಂತ ಅವಳು ಹೇಳಲೇ ಇಲ್ಲ. ಹೇಳಲಿಕ್ಕೆ ನಾನು ಬಿಟ್ಟದ್ದೆಲ್ಲಿ...

ಬೈಯಿರಿ ಅಮ್ಮಾ. ಒಂದು ಮಾತು... ಎದ್ದಿರಾ? ಆಯ್ತು, ನಾನು ಹೊರಡ್ತೇನೆ.

ತಟ್ಟೆ ಯಾಕೆ? ನನಗಾ? ಬೇಡಮ್ಮಾ... ಅಯ್ಯೋ, ನೀವೇ ತುತ್ತು... ಮಗಳನ್ನು ಕಳಕೊಂಡವರು ನೀವು, ನನಗೆ...

ಆಯ್ತು. ಆಯ್ತಮ್ಮಾ. ತಿನ್ನುತ್ತೇನೆ. ನೀವೂ ಕೂತುಕೊಳ್ಳಿ.