ಮೊದಲನೇ ಮಣಿ

೧೯೬೯. ಬೀದರ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ವಯಸ್ಸಾದ ಗೋರಖನಾಥ ಗುರುಜಿ ಮತ್ತು ಹೈದರಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಅವರ ಹಳೆಯ ವಿದ್ಯಾರ್ಥಿನಿ ಶಿವಕಾಂತಾ ಕೂತಿದ್ದರು.

"ಹೊಸಾದು ಏನ್ ಕಲ್ತಿ, ಹೇಳವ್ವ," ಎಂದರು ಗುರುಜಿ.

"ಜೀವಕೋಶದಾಗ ಆರ್‌ಎನ್‌ಎ ಅಂತ ಒಂದು ಚೀಟಿ ಇರ್ತದರಿ. ಕೋಶ ಅದನ್ನ ತುದಿಯಿಂದ್ಲೇ ಓದಲ್ಲರಿ. 'ಇಲ್ಲಿಂದ ಸುರು' ಅನ್ನೋ ಗುರುತು ಹುಡುಕಿ, ಮೊದಲು ಮೆಥಿಯೊನೀನ್ ಅನ್ನೋ ಮಣಿ ಇಡ್ತದರಿ. ಅದರ ಹಿಂದ ಬ್ಯಾರೆ ಮಣಿ ಪೋಣಿಸ್ಕೋತ ಹೋದ್ರ ಪ್ರೋಟೀನ್."

"ಯಾವಾಗ್ಲೂ ಅದೇ ಮೊದಲು?"

"ಹೌದ್ರಿ. ಸರ ಉದ್ದ ಆದಮ್ಯಾಲ ಭಾಳ ಸಲ ಅದನ್ನ ಕತ್ತರಿಸಿ ಒಗಿತದರಿ."

ಗುರುಜಿ ನಕ್ಕರು.

"ಭಾಲ್ಕಿ ಸಾಲ್ಯಾಗ ಸೈನ್ಸ್ ಸುರು ಮಾಡಿದಾಂವ ನಾ. ನಿಜಾಮರ ಕಾಲಕ್ಕ ಉರ್ದುದಾಗ ಕಲ್ತಾಂವ. ಕನ್ನಡ ಪರೀಕ್ಷಾ ಪಾಸಾಗಿಲ್ಲಂತ ಈಗ ಔರಾದ ಕಡಿ ಡಾಬಕಾ ಹಳ್ಳಿಗಿ ವರ್ಗ ಮಾಡಿ ಒಗದಾರ."

ಆಕೆ ತಲೆ ತಗ್ಗಿಸಿದಳು.

"ಆ ಮೊದಲ ಮಣಿ ಇಲ್ಲಂದ್ರ ಸರ ಸುರುನೇ ಆಗಲ್ಲರಿ, ಗುರುಜಿ."

"ಕತ್ತರಿಸೋ ಮುಂದ ಅದ್ಯಾರಿಗಿ ನೆನಪಿರ್ತದ?"

ಔರಾದ ಬಸ್ ಬಂತು. ಗುರುಜಿ ಎದ್ದು, ಜೇಬಿನಿಂದ ಕೀಲಿ ತೆಗೆದು ಆಕೆಯ ಕೈಗಿಟ್ಟರು.

"ಲ್ಯಾಬಿನ ಕಪಾಟಿಂದು. ನನ್ನ ಜಾಗಾಕ್ಕ ನಾಳಿಗಿ ಜಾಯಿನ್ ಆಗಾಕಿ ನೀನೇ ಅಂತ ಗೊತ್ತದ. ಸೂಕ್ಷ್ಮದರ್ಶಕ ಒರೆಸಿ ಇಟ್ಟೀನಿ."