ಹೆಸರು ಹೇಳದೆ ಹೊಯ್ದ ಹಾಲು

ಮತ್ತೆ ನಡುವೆ ಬಾಯಿ ಹಾಕಿದ್ದು ಯಾರು? ಇದು ಮೂರನೆಯ ಸಲ. ಒಬ್ಬಳಿಗೆ ನೀರು ಬೇಕು, ಒಬ್ಬಳಿಗೆ ಚಾಪೆ ಬೇಕು, ಇನ್ನೊಬ್ಬಳಿಗೆ ದೆವ್ವ ಗಂಡೋ ಹೆಣ್ಣೋ ಅಂತ ಮೊದಲೇ ಗೊತ್ತಾಗಬೇಕು. ತುಂಡು ತುಂಡು ಮಾಡಿ ಬಡಿಸಲು ಇದೇನು ಬೆಂಡೆಕಾಯಿಯಾ? ದೀಪ ಸಣ್ಣ ಮಾಡಿ. ಮಕ್ಕಳು ನಿದ್ದೆ ಹೋದರಾ ನೋಡಿ ಬನ್ನಿ. ಅವರು ಮಲಗಿದ ಮೇಲೆಯೇ ಹೇಳಬೇಕಾದ ಕತೆ ಇದು. ಕತೆಯೂ ಅಲ್ಲ... ನಮ್ಮ ಪಕ್ಕದ ಮನೆಯ ವಸುಮತಿಗೆ ಆದದ್ದು.

ಅರವತ್ತೆರಡನೆಯ ಇಸವಿ, ಜನವರಿ ಕೊನೆಯ ಒಂದು ಆದಿತ್ಯವಾರ. ರಾತ್ರಿ ಹತ್ತು ಕಳೆದಿತ್ತು. ಮಂಗಳೂರಿನ ಬಸ್ಸಿಗೆ ಪುತ್ತೂರಿನ ಈಚೆ ಟಯರು ಹೋಗಿ, ಸುಳ್ಯ ಮುಟ್ಟುವಾಗಲೇ ಪೇಟೆ ಬಾಗಿಲು ಹಾಕಿತ್ತು. ಅಲ್ಲಿಂದ ಅಜ್ಜಾವರಕ್ಕೆ ವಸುಮತಿ ಮತ್ತು ಆಚೆಮನೆಯ ದಮಯಂತಿ ನಡೆದು ಬರುತ್ತಿದ್ದರು. ಮುಂದೆ, ಸುಳ್ಯದವರೆಗೆ ಕರೆಯಲು ಬಂದಿದ್ದ ದಮಯಂತಿಯ ಮಾವ ಪದ್ಮಯ್ಯ ಗೌಡರು, ಕೈಯಲ್ಲಿ ತೆಂಗಿನ ಗರಿಯ ಸೂಟೆ. ಬೀಸಿದಾಗಲೆಲ್ಲ ‘ಫುರ್ರ್...’ ಅಂತ ಉರಿಯುತ್ತಿತ್ತು. ಆಲದ ಮರ ಬಂತು. ಅದರ ಕೆಳಗಿನ ಕಟ್ಟೆ ಇಲ್ಲದ ಬಾವಿ ಬಂತು. ಒಳಗೆ ಏನೋ ಸಣ್ಣದು ನೀರಿಗೆ ಬಿತ್ತು... ‘ಚಿಳುಕ್’.

ಪದ್ಮಯ್ಯ ತಿರುಗಿ ನೋಡದೆಯೇ ಹೇಳಿದರು: “ಮಗುವನ್ನು ನಡೆಸಬೇಡಿ ಮಾರಾಯ್ತಿ. ಎತ್ತಿಕೊಳ್ಳಿ. ಇಲ್ಲಿ ಕಲ್ಲು ಉಂಟು.”

ಇಬ್ಬರೂ ನಿಂತರು. ಇಬ್ಬರ ಕಂಕುಳಲ್ಲೂ ಬಟ್ಟೆಯ ಗಂಟು ಮಾತ್ರ. ಜೊತೆಗೆ ಮಗು ಇರಲಿಲ್ಲ. ಮಗುವನ್ನು ಬಿಟ್ಟಿರಲಿಕ್ಕೆಂದೇ ಅವರು ಹೋದದ್ದು.

ಅದು ಹೇಗೆಂದರೆ, ವಸುಮತಿಯ ಮಗ ಕೃಷ್ಣಮೋಹನನಿಗೆ ಎರಡು ವರ್ಷ ತುಂಬಿದರೂ ಎದೆ ಬಿಟ್ಟಿರಲಿಲ್ಲ. ಅವಳು ಉಣ್ಣಲು ಕೂತರೆ ಬೇಕು, ದೋಸೆ ಕಲ್ಲಿನ ಮುಂದೆ ಕೂತರೆ ಬೇಕು, ಯಾರೊಡನೆಯಾದರೂ ಎರಡು ಮಾತು ಶುರು ಮಾಡಿದರಂತೂ ಬೇಕೇ ಬೇಕು. ಬೇವಿನೆಲೆ ಅರೆದು ಹಚ್ಚಿದರು. ಪುಣ್ಯಾತ್ಮ ಅಂಗಿಯಲ್ಲಿ ಒರೆಸಿ ಕುಡಿದ. ವಸುಮತಿ ಕಡ್ಡಿಯಾದಳು. ಒಂದು ದಿನ ಬಾವಿಕಟ್ಟೆಯಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳು. ಪುತ್ತೂರಿನ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, “ಇನ್ನು ಹಾಲು ಬಿಡಿಸದಿದ್ದರೆ ತಾಯಿ ಉಳಿಯುದು ಕಷ್ಟ” ಅಂದರು.

ಆಗ ಅವಳ ಅತ್ತೆ ಮೂಕಾಂಬಿಕಮ್ಮ ಹಳೆಯ ಉಪಾಯವನ್ನೇ ಹೇಳಿದರು. “ಮೂರು ರಾತ್ರಿ ಅವನ ಕಣ್ಣಿಗೆ ಬೀಳಬೇಡ. ಎಲ್ಲಿಗಾದರೂ ಹೋಗು. ಅತ್ತು ಅತ್ತು ಬಿಡ್ತಾನೆ.”

ಹೋಗುವುದಾದರೂ ಎಲ್ಲಿಗೆ? ತವರಿಗೆ ಹೋದರೆ ಅಲ್ಲಿ ಅಣ್ಣನ ಐದು ಮಕ್ಕಳು. ಅಷ್ಟರಲ್ಲಿ ಕಡಬದಿಂದ ವಾಸಂತಿಯ ಕಾಗದ ಬಂತು. ವಾಸಂತಿ ಹತ್ತನೆಯವರೆಗೆ ಇವಳ ಬೆಂಚಿನಲ್ಲೇ ಕೂತವಳು. ಅವಳ ಅಣ್ಣ ಒಂದು ಕಾಫಿ ಕಂಪೆನಿಯಲ್ಲಿ ಗುಮಾಸ್ತ. ಮಂಗಳೂರಿನಿಂದ ಬಡಗಕ್ಕೆ, ಕಡಲ ಬದಿಯಲ್ಲಿ ಕಂಪೆನಿಯ ಬಂಗಲೆ ಉಂಟು, ಗಣರಾಜ್ಯದ ದಿನ ಸೇರಿಸಿ ದೊರೆಗಳೆಲ್ಲ ಘಟ್ಟಕ್ಕೆ ಶಿಕಾರಿಗೆ ಹೋಗುತ್ತಾರೆ, ಗುರುವಾರದಿಂದ ಆದಿತ್ಯವಾರದವರೆಗೆ ಬಂಗಲೆ ಖಾಲಿ. “ಮಕ್ಕಳನ್ನು ತರುದಾದರೆ ಬರಬೇಡಿ” ಅಂತ ಕೊನೆಗೆ ಗೆರೆ ಎಳೆದು ಬರೆದಿದ್ದಳು.

ದಮಯಂತಿಗೆ ಕೇಳಿದ್ದೇ ಸಾಕಾಯಿತು. ಮೂರು ಮಕ್ಕಳನ್ನು ತಾಯಿ ತಿಮ್ಮಕ್ಕನ ಮಡಿಲಿಗೆ ಹಾಕಿ ಹೊರಟೇಬಿಟ್ಟಳು.

ಹೊರಡುವಾಗ ಅತ್ತೆ ವಸುಮತಿಯನ್ನು ಒಳಗೆ ಕರೆದು ಒಂದು ಹಿತ್ತಾಳೆ ಲೋಟ ಕೊಟ್ಟರು. “ಎದೆ ಬಿಗಿದು ಕಲ್ಲಾಗ್ತದೆ. ಇದರಲ್ಲಿ ಹಿಂಡು. ಕಂಡಲ್ಲಿ ಚೆಲ್ಲಬೇಡ. ಹೂವಿನ ಗಿಡದ ಬುಡಕ್ಕೆ ಹೊಯ್ಯಿ, ‘ಇದು ಮೋಹನನ ಪಾಲು’ ಅಂತ ಹೇಳಿ ಹೊಯ್ಯಿ. ಮರೆಯಬೇಡ.”

“ಹೇಳದಿದ್ದರೆ ಎಂತ ಆಗ್ತದೆ ಅತ್ತೆ?”

“ಹೇಳು ಅಂದರೆ ಹೇಳು.”

ಬಂಗಲೆಯ ಮುಂದೆ ಕಡಲು. ಹಿಂದೆ ಕಣ್ಣು ಹಾಯುವಷ್ಟು ಉದ್ದಕ್ಕೆ ಬೋಳು ಹುಲ್ಲು. ಅಲ್ಲಲ್ಲಿ ಒಂದೊಂದು ಗೂಟಕ್ಕೆ ನಂಬರು ಬರೆದ ಸಣ್ಣ ಬಾವುಟ, ಬಾವುಟದ ಬುಡದಲ್ಲಿ ಅಂಗೈಯಗಲದ ಗುಂಡಿ, ಗುಂಡಿಯೊಳಗೆ ತಗಡಿನ ಡಬ್ಬಿ. ಕಾವಲಿಗಿದ್ದ ಮುದುಕ ಸಾಹುಲ್ ಹಮೀದ್ ವಿವರಿಸಿದ: “ಇದು ಗಾಲ್ಫ್, ಅಕ್ಕ. ದೊರೆಗಳು ಅಲ್ಲಿಂದ ಕೋಲಿನಲ್ಲಿ ಚೆಂಡು ಹೊಡೆದು ಈ ಗುಂಡಿಗೆ ಹಾಕುದು.”

“ಹಾಕಿ?” ಅಂದಳು ದಮಯಂತಿ.

“ತೆಗೆದು, ಆಚೆಯ ಗುಂಡಿಗೆ ಹಾಕುದು.”

“ಅಯ್ಯೋ ದೇವರೇ! ಇಷ್ಟು ಜಾಗದಲ್ಲಿ ನಲವತ್ತು ದನ ಮೇಯ್ತಿತ್ತು.”

ಮೂವರೂ ಹೊಟ್ಟೆ ಹಿಡಿದು ನಕ್ಕರು. ಅನ್ನ ಮಾಡಿ ಬಿಸಿ ಬಿಸಿ ಉಂಡರು. ಎರಡು ವರ್ಷದಲ್ಲಿ ಮೊದಲ ಸಲ ವಸುಮತಿ ಎದ್ದು ಓಡದೆ ಒಂದು ಊಟ ಮುಗಿಸಿದ್ದಳು. ಮುಗಿಸಿದ ಮೇಲೆ ಕೈಗೆ ಏನು ಕೆಲಸ ಅಂತಲೇ ತಿಳಿಯಲಿಲ್ಲ. ಕೂತಳು, ಎದ್ದಳು, ಜಗಲಿಗೆ ಹೋದಳು, ಬಂದಳು. ಹೊರಗೆ ಕಾಗೆ ಕೂಗಿದರೂ ತಿರುಗಿ ನೋಡಿದಳು.

“ಕೂತುಕೊಳ್ಳೇ ಮಾರಾಯ್ತಿ,” ಅಂದಳು ವಾಸಂತಿ. “ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾರಾ?”

ಹೊತ್ತು ಮುಳುಗುವಾಗ ಎದೆ ಬಿಗಿದು ಜ್ವರ ಬಂದಂತಾಯಿತು. ಮರೆಗೆ ಹೋಗಿ ಹಿಂಡಿದಳು. ಲೋಟ ತುಂಬಿತು. ಹೂವಿನ ಗಿಡ ಹುಡುಕಿದಳು. ಆ ಉಪ್ಪುಗಾಳಿಗೆ ಒಂದು ದಾಸವಾಳವೂ ಇರಲಿಲ್ಲ, ಬರೇ ಹುಲ್ಲು, ಕಾಲು ಹೂಳುವ ಹೊಯಿಗೆ. ಏಳನೆಯ ನಂಬರಿನ ಬಾವುಟದ ಹತ್ತಿರ ನಿಂತಳು. ಗುಂಡಿ ಚೊಕ್ಕಟವಾಗಿತ್ತು. ಇಷ್ಟೇ ಹಾಲಿಗೆ ಅಳತೆ ಮಾಡಿ ತೋಡಿದ ಹಾಗೆ.

ಹಿಂದಿನಿಂದ ದಮಯಂತಿ ಕೂಗಿದಳು: “ಹೆಸರು ಹೇಳಿದೆಯಾ? ನಿನ್ನ ಅತ್ತೆ ನನ್ನತ್ರ ಕೇಳ್ತಾರೆ!”

ವಸುಮತಿಗೆ ರೇಗಿತು. ಇಲ್ಲಿಗೆ ಬಂದ ಮೇಲೂ ಅವನೇ? “ಮೂರು ದಿನವಾದರೂ ಅವನ ಹೆಸರು ಎತ್ತದೆ ಇರ್ತೇನೆ,” ಅಂದಳು. ಲೋಟ ಬಗ್ಗಿಸಿದಳು. “ಬೇಕಾದವರು ಕುಡಿಯಲಿ!”

ಡಬ್ಬಿ ‘ಟಣ್’ ಅಂತು.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಕಡಲು ‘ಘೂ...’ ಅಂತ ಏರಿ ‘ಷ್ಷ್...’ ಅಂತ ಇಳಿಯುತ್ತಿತ್ತು. ಬಾವುಟಗಳು ಪಟಪಟ ಬಡಿಯುತ್ತಿದ್ದವು. ಎಷ್ಟೋ ಹೊತ್ತಿಗೆ ಗಾಳಿ ನಿಂತಿತು. ಆಗ ಕೇಳಿತು. ‘ಚುಪ್... ಚುಪ್... ಚುಪ್...’ ಆಮೇಲೆ ಒಂದು ಗುಟುಕು ಇಳಿದ ಸದ್ದು. ಎರಡು ವರ್ಷ ದಿನವೂ ಕೇಳಿದ ಸದ್ದು ಅದು. ಯಾವ ತಾಯಿಯೂ ಅದನ್ನು ಬೇರೆ ಏನೋ ಅಂದುಕೊಳ್ಳಲಾರಳು. ಕಿಟಕಿಯ ಆಚೆಯಿಂದ ಬರುತ್ತಿತ್ತು... ಹುಲ್ಲಿನ ಕಡೆಯಿಂದ.

ಬೆಳಿಗ್ಗೆ ಹೋಗಿ ನೋಡಿದರೆ ಡಬ್ಬಿ ಉಜ್ಜಿ ತೊಳೆದ ಹಾಗೆ ಹೊಳೆಯುತ್ತಿತ್ತು. ತಳ ಇದ್ದ ಡಬ್ಬಿ, ಇಂಗಿತು ಅನ್ನುವಂತಿಲ್ಲ. ಒಂದು ಇರುವೆಯೂ ಇಲ್ಲ.

ಸಾಹುಲ್ ಹಮೀದ್ ದೂರದಲ್ಲೇ ನಿಂತು ಕೇಳಿದ: “ಅಕ್ಕ, ಇದಕ್ಕೆ ಎಂತ ಹಾಕಿದ್ದು?”

“ಹಾಲು.”

“ದನದ್ದಾ?”

ವಸುಮತಿ ಸೆರಗು ಎಳೆದು ಹೊದ್ದಳು. ಮುದುಕ ತಲೆಯ ಮುಂಡಾಸು ತೆಗೆದು ಮತ್ತೆ ಕಟ್ಟಿದ. “ಇನ್ನು ಆ ಕಡೆ ಹೋಗಬೇಡಿ. ಇಲ್ಲಿ ಕತ್ತಲಾದ ಮೇಲೆ ನಾಯಿಯೂ ಬರುದಿಲ್ಲ.” ಯಾಕೆ ಅಂತ ವಾಸಂತಿ ಹತ್ತು ಸಲ ಪೀಡಿಸಿದಳು. “ನನಗೆ ಎಂತ ಗೊತ್ತು ಅಕ್ಕ, ನಾನು ಬರೇ ಕಾವಲಿನವ” ಅಂತ ಹೋದವ ಸಂಜೆಯವರೆಗೆ ಕಾಣಿಸಲೇ ಇಲ್ಲ.

ಶುಕ್ರವಾರ ವಸುಮತಿ ಹಾಲನ್ನು ಕಡಲಿಗೆ ಹೊಯ್ದಳು, ಮೋಹನನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿಯೇ ಹೊಯ್ದಳು. ರಾತ್ರಿ ಬಾಗಿಲಿಗೆ ಅಗುಳಿ ಹಾಕಿ ಮಲಗಿದರು.

ನಡುರಾತ್ರಿ ಅಳು. ಸಣ್ಣ ಅಳು, ಹಸಿದು ಹಸಿದು ಸೋತುಹೋದ ಅಳು. ‘ಙ್ಯಾ...’ ಅನ್ನುವುದು, ಉಸಿರು ಸಿಕ್ಕಿಕೊಳ್ಳುವುದು, ಮತ್ತೆ ‘ಙ್ಯಾ...’ ಅದು ಮೋಹನನ ಅಳು ಅಲ್ಲ ಅಂತ ವಸುಮತಿಗೆ ಸರಿಯಾಗಿ ಗೊತ್ತಿತ್ತು. ಅವನ ಅಳು ಅವಳಿಗೆ ಗೊತ್ತಿಲ್ಲವಾ? ಆದರೆ ಎದೆಗೆ ಅದೆಲ್ಲ ಗೊತ್ತಾಗಬೇಕಲ್ಲ. ಸೊರ್ರನೆ ಹಾಲು ಇಳಿದು ರವಿಕೆ ಒದ್ದೆಯಾಯಿತು. ಇಷ್ಟು ಮಾತ್ರ ಅವಳಿಗೆ ನೆನಪು.

ಉಳಿದದ್ದನ್ನು ದಮಯಂತಿ ಹೇಳಬೇಕು. ಅವಳಿಗೆ ಎಚ್ಚರವಾದಾಗ ಪಕ್ಕದ ಚಾಪೆ ಖಾಲಿ. ಅಗುಳಿ ತೆಗೆದಿತ್ತು. ತಿಂಗಳ ಬೆಳಕಿನಲ್ಲಿ ಏಳನೆಯ ಬಾವುಟದ ಬುಡದಲ್ಲಿ ವಸುಮತಿ ಕಾಲು ನೀಡಿ ಕೂತಿದ್ದಳು. ಸೆರಗು ಹೊದ್ದು ಮೆಲ್ಲ ಮೆಲ್ಲ ತೂಗುತ್ತಿದ್ದಳು.

“ವಸೂ...”

“ಶ್ಶ್...” ಅಂದಳು ವಸುಮತಿ, ತಿರುಗದೆ. “ಈಗ ಕಣ್ಣು ಮುಚ್ಚಿದೆ.”

ದಮಯಂತಿ ಓಡಿ ಹೋಗಿ ಕೈ ಹಿಡಿದು ಎಳೆದಳು. ಮಡಿಲಲ್ಲಿ ಏನೂ ಇರಲಿಲ್ಲ. ಆದರೆ ಎಳೆದಾಗ ಭಾರ ಇತ್ತು, ಒಬ್ಬಳನ್ನು ಎಳೆದಷ್ಟು ಹಗುರ ಇರಲಿಲ್ಲ ಅಂತ ಅವಳು ಇವತ್ತಿಗೂ ಹೇಳುತ್ತಾಳೆ.

ಬೆಳಿಗ್ಗೆ ವಸುಮತಿಯ ಬಲದ ಎದೆ ಕಲ್ಲಿನ ಹಾಗೆ ಬಿಗಿದಿತ್ತು. ಎಡದ್ದು ಹಿಂಡಿ ಹಾಕಿದ ಬಟ್ಟೆಯ ಹಾಗೆ ಮೆತ್ತಗೆ.

ಶನಿವಾರವೇ ಹೊರಡುವ ಅಂದಳು ವಾಸಂತಿ. ವಸುಮತಿ ಒಪ್ಪಲಿಲ್ಲ. “ಮೂರು ರಾತ್ರಿ ಆಗದೆ ಹೋದರೆ ಅವನು ಬಿಡುದಿಲ್ಲ. ಇಷ್ಟು ಅಳಿಸಿದ್ದೂ ವ್ಯರ್ಥ.” ಕೊನೆಯ ರಾತ್ರಿ ದಮಯಂತಿ ತನ್ನ ಸೆರಗಿಗೆ ಅವಳ ಸೆರಗನ್ನು ಗಂಟು ಹಾಕಿ ಮಲಗಿದಳು. ಅಳು ಕೇಳಲಿಲ್ಲ. ಚುಪ್ ಅಂತಲೂ ಕೇಳಲಿಲ್ಲ. ಬೆಳಿಗ್ಗೆ ಗಂಟು ಹಾಕಿದ ಹಾಗೆಯೇ ಇತ್ತು. ಅಗುಳಿಯೂ ಹಾಕಿದ ಹಾಗೆಯೇ.

ಎಡದ ಎದೆ ಖಾಲಿ.

ವಸುಮತಿ ಅದನ್ನು ಯಾರಿಗೂ ಹೇಳಲಿಲ್ಲ. ವಾಸಂತಿ ಪುತ್ತೂರಿನಲ್ಲಿ ಇಳಿದು ಕಡಬದ ಬಸ್ಸಿಗೆ ಹೋದಳು. ಉಳಿದ ಇಬ್ಬರು ರಾತ್ರಿ ಆಲದ ಮರದ ಹತ್ತಿರ ಬಂದಾಗ ಪದ್ಮಯ್ಯ ಆ ಮಾತು ಹೇಳಿದ್ದು.

“ಮಾವ,” ದಮಯಂತಿ ಪಿಸುಗುಟ್ಟಿದಳು. “ನಮ್ಮೊಟ್ಟಿಗೆ ಮಗು ಇಲ್ಲ.”

ಸೂಟೆ ಬೀಸುವ ಕೈ ನಿಂತಿತು. “ಇಲ್ಲವಾ?”

“ಇಲ್ಲ.”

“ಹಾಗಾದರೆ ಸುಮ್ಮನೆ ಬನ್ನಿ. ಹಿಂದೆ ನೋಡಬೇಡಿ.”

ಈಗ ಇಬ್ಬರಿಗೂ ಕೇಳುತ್ತಿತ್ತು. ಬರಿಗಾಲು, ಪುಟ್ಟ ಕಾಲು. ‘ತಪ್... ತಪ್...’ ನಿಲ್ಲುವುದು. ಮತ್ತೆ ‘ತಪ್...’ ಈಗಷ್ಟೇ ನಡೆಯಲು ಕಲಿತದ್ದರ ಹಾಗೆ. ವಸುಮತಿ ಗಂಟನ್ನು ಎದೆಗೆ ಒತ್ತಿ ಹಿಡಿದಳು. “ಇದು ಮೋಹನನ ಪಾಲು,” ಅಂದಳು, ಉಸಿರಿನಲ್ಲೇ. “ಮೋಹನನ ಪಾಲು. ಮೋಹನನದ್ದು ಮಾತ್ರ.”

ಹೆಜ್ಜೆ ನಿಂತಿತು. ಎಷ್ಟು ಹೊತ್ತು ಕಾದರೂ ಮತ್ತೆ ಕೇಳಲಿಲ್ಲ.

ಎಡಗಡೆಯ ರವಿಕೆ ಮಾತ್ರ ಬೆಚ್ಚಗೆ ಒದ್ದೆಯಾಗುತ್ತಾ ಬಂತು.

ಮನೆಯಲ್ಲಿ ಮೋಹನ ಅಜ್ಜಿಯ ಪಕ್ಕ ಕಾಲು ಚಾಚಿ ನಿದ್ದೆ ಹೋಗಿದ್ದ. “ಎರಡು ರಾತ್ರಿ ಅತ್ತ. ನಿನ್ನೆ ಗಂಜಿ ತಿಳಿ ಕುಡಿದು ಮಲಗಿದ. ಬಿಟ್ಟ, ನೋಡು!” ಅಂದರು ಮೂಕಾಂಬಿಕಮ್ಮ ಹೆಮ್ಮೆಯಲ್ಲಿ. ಮರುದಿನ ಅವನು ತಾಯಿಯ ಹತ್ತಿರ ಬಂದ, ತೊಡೆಯಲ್ಲಿ ಕೂತ, ಎದೆಯ ಕಡೆ ಒಮ್ಮೆ ನೋಡಿದ, ಮುಖ ತಿರುಗಿಸಿದ. ವಸುಮತಿ ಅಡುಗೆಮನೆಗೆ ಹೋಗಿ ಅತ್ತಳು. ತಾನೇ ಬಯಸಿ ಮಾಡಿದ್ದಕ್ಕೆ ಯಾಕೆ ಅಳುವುದು ಅಂತ ಅವಳಿಗೇ ತಿಳಿಯಲಿಲ್ಲ.

ಹಾಲು ಬತ್ತಲಿ ಅಂತ ಅತ್ತೆ ಮಲ್ಲಿಗೆ ಹೂ ಕಟ್ಟಿದರು, ಎರಡೂ ಎದೆಗೆ. ಬಲದ್ದು ನಾಲ್ಕು ದಿನಕ್ಕೆ ಬತ್ತಿತು. ಎಡದ ಹೂವು ದಿನಾ ಬೆಳಿಗ್ಗೆ ನೆಲದಲ್ಲಿ ಬಿದ್ದಿರುತ್ತಿತ್ತು, ಅಡ್ಡ ಬಂದದ್ದನ್ನು ಯಾರೋ ಕಿತ್ತು ಬಿಸಾಡಿದ ಹಾಗೆ. ಸಂಜೆಗೆ ತುಂಬುವುದು. ಬೆಳಿಗ್ಗೆಗೆ ಖಾಲಿ. ಗಂಡ ತಿರುಮಲೇಶ್ವರ ಭಟ್ಟರು ಪುತ್ತೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಕೊಟ್ಟರು. ದೇವಸ್ಥಾನದಿಂದ ನೂಲು ತಂದು ಕಟ್ಟಿದರು. ಮಾತ್ರೆ ಮುಗಿಯಿತು, ನೂಲು ಹಳೆಯದಾಯಿತು. ಅತ್ತೆ ಮಾತ್ರ ಒಂದು ದಿನ ಅವಳನ್ನು ದಿಟ್ಟಿಸಿ ನೋಡಿ, “ಹೆಸರು ಹೇಳಿಯೇ ಹೊಯ್ದದ್ದಲ್ಲವಾ?” ಅಂದರು.

“ಹೌದು ಅತ್ತೆ,” ಅಂದಳು ವಸುಮತಿ. ಎದ್ದು ಬಾವಿಕಟ್ಟೆಗೆ ರವಿಕೆ ಒಗೆಯಲು ಹೋದಳು.

ನಗುದು ಯಾರು? ನಂಬದಿದ್ದರೆ ದಮಯಂತಿಯ ಮನೆ ಅಲ್ಲೇ ಉಂಟು, ಹೋಗಿ ಕೇಳಿ. ಪದ್ಮಯ್ಯ ಗೌಡರು ಈಗಲೂ ಕತ್ತಲಾದ ಮೇಲೆ ಆ ಬಾವಿಯ ದಾರಿ ಹಿಡಿಯುವುದಿಲ್ಲ, ಸುತ್ತು ಬಳಸಿ ಬರುತ್ತಾರೆ. ವಸುಮತಿಯ ಅಂಗಳದಲ್ಲಿ ಒಣಗುವ ರವಿಕೆಗಳನ್ನು ನಾನೇ ನೋಡಿದ್ದೇನೆ. ಎಲ್ಲದರಲ್ಲೂ ಕಲೆ ಒಂದೇ ಕಡೆ.

ಆ ವರ್ಷದ ಮಳೆಗಾಲ ಕಳೆಯುವಾಗ ಮೋಹನನಿಗೆ ಮಾತು ಚೆನ್ನಾಗಿ ಬಂದಿತ್ತು. ಅವನು ತಂದೆಯ ಆಚೆ ಬದಿ ಮಲಗುತ್ತಿದ್ದ. ಒಂದು ದಿನ ಬೆಳಿಗ್ಗೆ ವಸುಮತಿ ಅವನಿಗೆ ಗಂಜಿ ಉಣ್ಣಿಸುತ್ತಿದ್ದಳು. ಅವನು ಬಾಯಲ್ಲಿದ್ದದ್ದನ್ನು ನುಂಗಿದ. ಅವಳ ಎಡ ಮಗ್ಗುಲನ್ನು ನೋಡಿದ, ಅಲ್ಲಿ ಕೂತ ಯಾರನ್ನೋ ನೋಡುವ ಹಾಗೆ. ಸಿಟ್ಟಿಲ್ಲ, ಹೆದರಿಕೆ ಇಲ್ಲ. ಬರೇ ಕೇಳಿದ:

“ಅಮ್ಮಾ, ನನಗೆ ಹಾಲು ಬಿಡಿಸಿದಿ ಅಲ್ಲ... ಈ ಪಾಪುವಿಗೆ ಯಾವಾಗ ಬಿಡಿಸುದು?”