ಮೂರನೆಯ ಭಾನುವಾರದ ಕೋಟು

ಒಲೆಗೆ ಒಣಗಿಸಿದ ಜೌಗುಮಣ್ಣಿನ ಇನ್ನೆರಡು ಹೆಂಟೆ ಹಾಕಿ ಕೂತುಕೊಳ್ಳಿ. ಇದು ನಮ್ಮ ದೊಡ್ಡಪ್ಪನ ಮಗ ಫ್ಲರಿಗೆ ಆದದ್ದು.

ಆ ಶನಿವಾರ ರಾತ್ರಿ ಹನ್ನೊಂದು ದಾಟಿತ್ತು. ಫ್ಲರಿ ಪುಣ್ಯಬಾವಿಯ ದಾರಿ ಹಿಡಿದು ಮನೆಗೆ ಹೊರಟಿದ್ದ. ಮೈಮೇಲೆ ಅಣ್ಣ ಮರ್ಟಿಯ ಹಳೆಯ ಕೋಟು. ಕೋಟಿನ ತುಂಬ ಹಂದಿಯ ರಕ್ತ... ಥೂ!

ಸಿನಿಮಾದವರು ಬಂದು ಎರಡು ವಾರವಾಗಿತ್ತು. ನಮ್ಮ ಹುಡುಗರು ಬ್ರಿಟಿಷರ ಮೇಲೆ ಬಂದೂಕು ಎತ್ತಿದ ಕತೆಯನ್ನು ಈ ಕಾರ್ಕ್ ಸೀಮೆಯಲ್ಲೇ ತೆಗೆಯುತ್ತೇವೆ ಎಂದರು. ಮರ್ಟಿ ಆ ಹೋರಾಟದಲ್ಲೇ ಸತ್ತವನು. ಸಿನಿಮಾದವರು ಬರುವ ಹದಿನಾಲ್ಕು ವರ್ಷ ಮೊದಲು ಬ್ರಿಟಿಷ್ ಸೈನಿಕರು ಅವನ ಎದೆಗೆ ಗುಂಡು ಹೊಡೆದಿದ್ದರು. ಫ್ಲರಿ ಆ ಕೋಟನ್ನು ಒಯ್ದು ತೋರಿಸಿದಾಗ ನಿರ್ದೇಶಕ ಗುಂಡಿನ ತೂತಿನೊಳಗೆ ಬೆರಳು ತೂರಿಸಿ, "ಆಹಾ, ನಿಜವಾದ ತೂತು ಕಣ್ರೀ!" ಎಂದು ಹಿಗ್ಗಿದ. ಆಗಲಾದರೂ ಇವನಿಗೆ ರೋಷ ಬರಬೇಡವೇ? ಒಂದು ಬಾಟಲಿ ವಿಸ್ಕಿಗೆ ಒಪ್ಪಿ, ಅದೇ ಕೋಟು ತೊಟ್ಟು ರಸ್ತೆ ಪಕ್ಕದ ಚರಂಡಿಯಲ್ಲಿ ಹೆಣವಾಗಿ ಮಲಗಿದ. ಯಾರ ಹೆಣ? ಬ್ರಿಟಿಷರಿಗೆ ಸುಳಿವು ಕೊಟ್ಟ ದ್ರೋಹಿಯ ಹೆಣ! ಮೇಲಿಂದ ಒಂದು ಬಕೆಟ್ ರಕ್ತ ಸುರಿದರು. ಊರಿಗೆ ಊರೇ ಸುತ್ತ ನಿಂತು ನೋಡಿತು. ಮಾನ ಇದ್ದವನು ಮಾಡುವ ಕೆಲಸವೇ ಅದು?

ಬಾವಿ ಹತ್ತಿರವಾದಾಗ ಸದ್ದು ಕೇಳಿಸಿತು. ಕಟಕಟ... ಕಟಕಟ... ಕಪ್ಪೆಯಲ್ಲ, ಗಾಳಿಯಲ್ಲ. ಹಲ್ಲು. ಚಳಿಗೆ ಹಲ್ಲು ಕಟಕಟಿಸುವ ಸದ್ದು. ಕುಡಿದಿದ್ದ ಅನ್ನಬೇಡಿ, ಬಾಟಲಿಯ ಬಿರಡೆಯನ್ನೇ ತೆಗೆದಿರಲಿಲ್ಲ.

"ಯಾ... ಯಾರದು?"

"ಚಳಿ ಕಣೋ ಫ್ಲರೀ..."

ಮರ್ಟಿಯ ದನಿ. ಬಾವಿಕಟ್ಟೆಯ ಮೇಲೆ ಮಾತ್ರ ಯಾರೂ ಇಲ್ಲ.

"ನೀನು ಎರಡೇ ಸಲ ಹಾಕ್ಕೊಂಡೆ. ಮೂರನೇದು ಎಲ್ಲೋ?"

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಮನೆಯವರೊಬ್ಬರು ಮೂರು ಭಾನುವಾರ ಚರ್ಚಿಗೆ ತೊಟ್ಟು ಹೋಗಬೇಕು. ಆಮೇಲೆಯೇ ಅದು ಸತ್ತವರ ಮೈಗೆ ಸೇರುವುದು. ಇಲ್ಲದಿದ್ದರೆ ಪರಲೋಕದಲ್ಲಿ ಅವರಿಗೆ ಬರಿಮೈ. ಮರ್ಟಿ ಸತ್ತಾಗ ಫ್ಲರಿ ಎರಡು ಭಾನುವಾರ ತೊಟ್ಟಿದ್ದ. ಮೂರನೆಯ ಭಾನುವಾರ ಚರ್ಚಿನ ಗೇಟಿನಲ್ಲಿ ಸೈನಿಕರು ನಿಂತಿದ್ದರು. ಗುಂಡಿನ ತೂತು ಕಂಡಾರೆಂದು ಹೆದರಿ, ಕೋಟನ್ನು ಹುಲ್ಲಿನ ಬಣವೆಯಲ್ಲಿ ತುರುಕಿ ಹೋದ. ಹಾಸಿಗೆ ಹಿಡಿದಿದ್ದ ತಾಯಿಗೆ "ಹಾಕ್ಕೊಂಡಿದ್ದೆ ಅಮ್ಮಾ" ಎಂದ. ಆಕೆ ಅದನ್ನೇ ನಂಬಿ ಕಣ್ಣು ಮುಚ್ಚಿದಳು.

"ನಾಳೇನೇ ಹಾಕ್ಕೊಂಡು ಹೋಗ್ತೀನಿ ಅಣ್ಣಾ... ಅಮ್ಮನಾಣೆ..."

ಕಟಕಟ ನಿಲ್ಲಲಿಲ್ಲ. ಮನೆ ಬಾಗಿಲವರೆಗೂ ಹಿಂದೆಯೇ ಬಂತು.

ರಾತ್ರಿಯೆಲ್ಲ ಉಜ್ಜಿದರೂ ರಕ್ತ ಹೋಗಲಿಲ್ಲ. ಬೆಳಗಾಗುವಷ್ಟರಲ್ಲಿ ನಾರುತ್ತಿತ್ತು, ನೊಣ ಮುತ್ತಿತ್ತು. ಹಾಗೆಯೇ ತೊಟ್ಟು ಚರ್ಚಿಗೆ ಬಂದ. ಜನ ಮೂಗು ಮುಚ್ಚಿಕೊಂಡು ಬೆಂಚು ಬಿಟ್ಟು ಸರಿದರು. ಅಂಚೆ ಕಚೇರಿಯ ಹ್ಯಾನಾ ಹಿಂದಿನಿಂದ ಗೊಣಗಿದಳು:

"ಏನೋ ಫ್ಲರಿ, ದೇವರ ಮುಂದೂ ವೇಷಾನಾ? ಥೂ, ನಾಚ್ಕೆಗೆಟ್ಟೋನೆ!"

ಸುಳ್ಳೇಕೆ ಹೇಳಲಿ, ನಾನೂ ಮುಖ ತಿರುಗಿಸಿದೆ. ಅಸಹ್ಯ ಅಂದರೆ ಅಸಹ್ಯ. ಅವನು ಮಾತ್ರ ಅಳುತ್ತಾ ಪೂಜೆ ಮುಗಿಯುವವರೆಗೂ ಮಂಡಿಯೂರಿಯೇ ಇದ್ದ. ಆ ರಾತ್ರಿಯಿಂದ ಕಟಕಟ ಕೇಳಲಿಲ್ಲವಂತೆ.

ಚಳಿಗಾಲದಲ್ಲಿ ಶಾಲೆಯ ಗೋಡೆಗೆ ಬಿಳಿಬಟ್ಟೆ ಕಟ್ಟಿ ಸಿನಿಮಾ ತೋರಿಸಿದರು. ನಾನು ಎರಡನೆಯ ಸಾಲಿನಲ್ಲಿದ್ದೆ, ಪಕ್ಕದಲ್ಲಿ ಹ್ಯಾನಾ. ದ್ರೋಹಿಯನ್ನು ಚರಂಡಿಗೆ ಎಸೆದ ದೃಶ್ಯ ಬಂತು. ಹ್ಯಾನಾ ನನ್ನ ತೋಳು ಹಿಡಿದಳು.

"ಕೋಟೆಲ್ಲಿ?"

ನಾವೆಲ್ಲ ನಿಂತು ನೋಡಿದ ದೃಶ್ಯ ಅದು! ಹ್ಯಾನಾ ಇನ್ನೂ ಬದುಕಿದ್ದಾಳೆ, ಹೋಗಿ ಕೇಳಿ. ಆ ಪರದೆಯ ಮೇಲೆ ಫ್ಲರಿ ಬರೀ ಅಂಗಿಯಲ್ಲಿ ಮಲಗಿದ್ದ.